ಪೊರೆಗೆ ವಂಶವಿದೆ, ಹೊಸ ಲೆನ್ಸಿಗಿಲ್ಲ

"ನಮ್ಮ ವಂಶದಲ್ಲೇ ಇದೆ ಕಣಪ್ಪ. ನಮ್ಮವ್ವಂಗೂ ಬಂತು, ನಮ್ಮಣ್ಣಂಗೂ ಬಂತು. ರಕ್ತದಲ್ಲಿ ಬಂದಿದ್ದನ್ನ ಡಾಕ್ಟ್ರು ತೆಗೆಯೋಕಾಗುತ್ತಾ?" ಮಾಕಳಿದುರ್ಗದ ನಮ್ಮ ದೊಡ್ಡಮ್ಮ ಎರಡು ವರ್ಷದಿಂದ ಕಣ್ಣಿನ ಪೊರೆ ಆಪರೇಷನ್ ಮುಂದೂಡುತ್ತಿರುವುದು ಈ ಒಂದೇ ಮಾತಿನ ಮೇಲೆ. ರೈಲು ಹಳಿ ದಾಟಿ ಹೊಲಕ್ಕೆ ಹೋಗುವವರು ಅವರು. ಈಗ ಎದುರಿಗೆ ಬರುವ ಬೈಕೂ ಮಬ್ಬು ಮಬ್ಬು. ನಕ್ಕು ಸುಮ್ಮನಾಗುವ ವಿಷಯವಲ್ಲ.

ಅವರ ಮಾತಿನಲ್ಲಿ ಅರ್ಧ ನಿಜವಿದೆ. ಕಣ್ಣಿನ ಮಸೂರದಲ್ಲಿ ಕ್ರಿಸ್ಟಲಿನ್ ಎಂಬ ಪ್ರೋಟೀನುಗಳು ಒತ್ತೊತ್ತಾಗಿ, ಅಚ್ಚುಕಟ್ಟಾಗಿ ಕೂತಿರುವುದರಿಂದಲೇ ಬೆಳಕು ಸರಾಗವಾಗಿ ಹಾದುಹೋಗುತ್ತದೆ. ಚರ್ಮದ ಹಾಗೆ ಇಲ್ಲಿ ಹಳೆಯದು ಉದುರಿ ಹೊಸದು ಬರುವುದಿಲ್ಲ. ಮಸೂರದ ನಟ್ಟನಡುವೆ ಇರುವುದು ನಾವು ತಾಯಿಯ ಹೊಟ್ಟೆಯಲ್ಲಿದ್ದಾಗ ತಯಾರಾದ ಪ್ರೋಟೀನು. ವಯಸ್ಸಾದಂತೆ ಅದು ಕೆಟ್ಟು ಗಂಟುಕಟ್ಟುತ್ತದೆ, ಬೇಯಿಸಿದ ಮೊಟ್ಟೆಯ ಲೋಳೆ ಬೆಳ್ಳಗಾದ ಹಾಗೆ. ಅದು ಎಷ್ಟು ವರ್ಷ ತಡೆದುಕೊಳ್ಳುತ್ತದೆ ಎನ್ನುವುದರಲ್ಲಿ ಜೀನ್‌ಗಳ ಪಾಲು ದೊಡ್ಡದು. ಬ್ರಿಟನ್ನಿನಲ್ಲಿ 506 ಜೋಡಿ ಅವಳಿ ಹೆಂಗಸರ ಕಣ್ಣು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಸೂರದ ನಡುಭಾಗದ ಪೊರೆ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಆಗುವುದರಲ್ಲಿ ಜೀನ್‌ಗಳ ಪಾಲು ಶೇ 48, ವಯಸ್ಸಿನದು ಶೇ 38. ಉಳಿದದ್ದು ಬದುಕಿನ ರೀತಿ, ಪರಿಸರ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಬಿಸಿಲು, ಸೌದೆ ಒಲೆಯ ಹೊಗೆ ಎಲ್ಲವೂ ಪೊರೆಯನ್ನು ಬೇಗ ತರಬಲ್ಲವು.

ಆದರೆ ವಂಶದ್ದು ಅಂದ ಮಾತ್ರಕ್ಕೆ ತೆಗೆಯಲಾಗದು ಅಂತಲ್ಲ. ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ಮಾಡುತ್ತಿದ್ದ ಕಾಲದಲ್ಲಿ ಮಸೂರ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಈಗ ಅದೇ ಜಾಗದಲ್ಲಿ ಕೃತಕ ಲೆನ್ಸ್ ಕೂರಿಸುತ್ತಾರೆ. ಅದರಲ್ಲಿ ಜೀವಕೋಶವಿಲ್ಲ, ಜೀನ್ ಇಲ್ಲ. ಅದಕ್ಕೆ ಪೊರೆ ಬರುವುದಿಲ್ಲ. ಕೆಲವರಿಗೆ ಆಮೇಲೆ ಲೆನ್ಸಿನ ಹಿಂದಿನ ತೆಳುಪದರ ಮಬ್ಬಾಗುವುದುಂಟು. ಅದನ್ನು ಲೇಸರ್‌ನಲ್ಲಿ ಸರಿಮಾಡುತ್ತಾರೆ. ಇದನ್ನು ಬಿಡಿಸಿ ಹೇಳಿದ ಮೇಲೆ ದೊಡ್ಡಮ್ಮ, "ಹಂಗಾದ್ರೆ ರಾಗಿ ಕೊಯ್ಲು ಮುಗೀಲಿ" ಅಂದಿದ್ದಾರೆ. ತಾರೀಖು ಗೊತ್ತುಮಾಡುವ ಕೆಲಸ ನನ್ನದು.

ವಂಶದ ಮಾತು ನಿಜಕ್ಕೂ ಅವಸರದ್ದಾಗುವುದು ಮಕ್ಕಳ ವಿಷಯದಲ್ಲಿ. ಹುಟ್ಟುತ್ತಲೇ ಬರುವ ಪೊರೆಗೆ ಕೆಲವೊಮ್ಮೆ ಒಂದೇ ಜೀನಿನ ದೋಷ ಸಾಕು. ಅಂಥ ಕೆಲವು ದೋಷಗಳು ಅಪ್ಪ ಅಮ್ಮ ಇಬ್ಬರಿಂದಲೂ ಬಂದರಷ್ಟೇ ತೊಂದರೆ ಕೊಡುತ್ತವೆ. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾಗುವ ನಮ್ಮ ಕಡೆ ಆ ಸಾಧ್ಯತೆ ಹೆಚ್ಚು. ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ "ಬೆಳೀತಾ ಸರಿಹೋಗುತ್ತೆ" ಅಂತ ಕಾಯಬೇಡಿ. ಮೊದಲ ತಿಂಗಳುಗಳಲ್ಲಿ ಬೆಳಕು ಒಳಗೆ ಹೋಗದಿದ್ದರೆ ಮಿದುಳು ನೋಡುವುದನ್ನೇ ಸರಿಯಾಗಿ ಕಲಿಯುವುದಿಲ್ಲ.