ಒಂಬತ್ತು ಗಂಟೆಯ ಗುಳಿಗೆ

2006ರ ಡಿಸೆಂಬರ್. ಹುಬ್ಬಳ್ಳಿಯಿಂದ ಎರಡು ತಾಸಿನ ದಾರಿಯ ಒಂದು ತಾಲ್ಲೂಕು ಊರಿನಲ್ಲಿ ನಾನಾಗ ಹೊಸದಾಗಿ ಕರಿಕೋಟು ತೊಟ್ಟಿದ್ದೆ. ರಾತ್ರಿ ಎಂಟರ ಸುಮಾರಿಗೆ ಬಾಗಿಲು ಬಡಿದ ಸದ್ದು. ಹೊರಗೆ ಹದಿನಾಲ್ಕರ ಹುಡುಗಿ, ಓಡಿಬಂದ ಏದುಸಿರು.

‘ಅವ್ವನ್ನ ಠಾಣೆಗೆ ಒಯ್ದಾರ್ರಿ ಅಕ್ಕಾರ. ಒಂಬತ್ತಕ್ಕ ಆಕಿ ಗುಳಿಗಿ ತಗೋಬೇಕು.’

ಅವ್ವನನ್ನು ಬಿಡಿಸಿಕೊಡಿ ಎಂದು ಅವಳು ಕೇಳಲಿಲ್ಲ. ಮೊದಲು ಗುಳಿಗೆ. ಮುಷ್ಟಿ ಬಿಚ್ಚಿ ತೋರಿಸಿದಳು: ಬೆವರಿಗೆ ಮೆತ್ತಗಾದ ಕಾಗದದ ಪೊಟ್ಟಣ, ಒಳಗೆ ಒಂದೇ ಒಂದು ಮಾತ್ರೆ. ಡಬ್ಬಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದಳು. ಯಾಕೆಂದು ನಾನು ಕೇಳಬೇಕಿರಲಿಲ್ಲ.

ಅವಳ ಅವ್ವ ನನಗೆ ಗೊತ್ತು. 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಬರುವ ಹೊತ್ತಿಗೆ ಆಕೆಯ ಕೊರಳಿಗೆ ಮುತ್ತು ಕಟ್ಟಿ ಎರಡು ವರ್ಷವಾಗಿತ್ತು. ಮುಂದೆ ದಂಧೆ, ಮುಂದೆ ಕಾಯಿಲೆ. ಆದರೆ ನಾನು ಬಲ್ಲ ಆ ಹೆಂಗಸು ಸಂಜೆಯಾದರೆ ಬಸ್‌ಸ್ಟ್ಯಾಂಡು, ಲಾರಿ ನಿಲ್ಲುವ ಜಾಗ, ಸಂತೆಯ ಹಿಂದಿನ ಓಣಿ ಸುತ್ತಿ ಉಳಿದ ಹೆಣ್ಣುಮಕ್ಕಳಿಗೆ ನಿರೋಧ್ ಹಂಚುತ್ತಿದ್ದವಳು. ಯಾರಿಗೆ ಮೈ ಸುಡುತ್ತಿದೆ, ಯಾರು ರಕ್ತಪರೀಕ್ಷೆಗೆ ಹೆದರುತ್ತಿದ್ದಾರೆ, ಎಲ್ಲ ಆಕೆಗೆ ಗೊತ್ತಿರುತ್ತಿತ್ತು. ಆ ನಿರೋಧ್‌ಗಳು ಸರ್ಕಾರದವು, ಆರೋಗ್ಯ ಇಲಾಖೆಯಿಂದ ಬಂದವು. ಅಂದು ಸಂಜೆ ಆರೂವರೆಗೆ, ಹೊತ್ತು ಮುಳುಗಿದ ಮೇಲೆ, ಅದೇ ಸರ್ಕಾರದ ಪೊಲೀಸರು ಆಕೆಯ ಚೀಲ ಬಿಚ್ಚಿ, ನಿರೋಧ್ ಕಂಡು, ದಂಧೆಗೆ ಸಾಕ್ಷಿ ಸಿಕ್ಕಿತೆಂದು ಜೀಪು ಹತ್ತಿಸಿದ್ದರು.

ದಂಧೆಯ ಕೇಸು ಹಾಕಲು ಬಳಸುವ, ಪಿಟಾ ಎಂದು ಠಾಣೆಗಳಲ್ಲಿ ಕರೆಯುವ 1956ರ ಕಾಯ್ದೆಯನ್ನು ನಾನು ಹಲವು ಸಲ ಓದಿದ್ದೇನೆ. ಮೈ ಮಾರಿಕೊಳ್ಳುವುದೇ ಅಪರಾಧವೆಂದು ಅದರಲ್ಲಿಲ್ಲ. ಬೀದಿಯಲ್ಲಿ ಗಿರಾಕಿ ಕರೆಯುವುದು, ದಂಧೆಯ ಮನೆ ನಡೆಸುವುದು, ಇಂಥವು ಅಪರಾಧ. ನಿರೋಧ್ ಇಟ್ಟುಕೊಳ್ಳುವುದು ಅಪರಾಧವೆಂದು ಯಾವ ಕಲಮಿನಲ್ಲೂ ಬರೆದಿಲ್ಲ. ಬರೆಯದಿದ್ದರೂ ಅದರ ಫಲ ಬೀದಿಯಲ್ಲಿ ಕಾಣುತ್ತಿತ್ತು: ಚೀಲದಲ್ಲಿ ನಿರೋಧ್ ಇದ್ದರೆ ಹಿಡಿಯುತ್ತಾರೆಂದು ಹೆಣ್ಣುಮಕ್ಕಳು ಬರಿಗೈಯಲ್ಲಿ ಓಡಾಡುತ್ತಿದ್ದರು. ಕಾಯಿಲೆ ಹರಡಲು ಇನ್ನೇನು ಬೇಕು?

ಠಾಣೆ ಮುಟ್ಟಿದಾಗ ಒಂಬತ್ತಕ್ಕೆ ಇಪ್ಪತ್ತು ನಿಮಿಷ. ಮೇಜಿನ ಹಿಂದೆ ಇದ್ದವರು ಪೊಟ್ಟಣ ಬಿಚ್ಚಿ ಮಾತ್ರೆಯನ್ನು ದೀಪಕ್ಕೆ ಹಿಡಿದರು.

‘ಯಾವುದರ ಗುಳಿಗಿ ಇದು?’

‘ಡಾಕ್ಟರು ಕೊಟ್ಟಿದ್ದು. ಹೊತ್ತಿಗೆ ಸರಿಯಾಗಿ ತಗೋಬೇಕು.’

‘ಚೀಟಿ ತೋರಸ್ರಿ.’

ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು. ಹುಡುಗಿ ದಾರಿಯಲ್ಲಿ ಕೊಟ್ಟಿದ್ದಳು. ಅದರ ಮೇಲೆ ಎಚ್‌ಐವಿಗೆ ಮದ್ದು ಕೊಡುವ ಎಆರ್‌ಟಿ ಕೇಂದ್ರದ ಮೊಹರು. ತೋರಿಸಿದರೆ ಗುಳಿಗೆ ಒಳಗೆ ಹೋದೀತು, ಆದರೆ ಬೆಳಗಾಗುವಷ್ಟರಲ್ಲಿ ಸುದ್ದಿ ಚಹಾದಂಗಡಿಗೆ, ಅಲ್ಲಿಂದ ಹುಡುಗಿಯ ಶಾಲೆಗೆ ಹೋಗುತ್ತಿತ್ತು. ತೋರಿಸದಿದ್ದರೆ ಗುಳಿಗೆ ಇಲ್ಲ.

ಕಾನೂನು ಕಾಲೇಜಿನಲ್ಲಿ ಓದಿದ ಗೋವಾದ ಪ್ರಕರಣ ಆಗ ನನ್ನ ಕಣ್ಣೆದುರು ಬಂತು. ಡೊಮಿನಿಕ್ ಡಿಸೋಜಾ ತಪ್ಪದೆ ರಕ್ತದಾನ ಮಾಡುತ್ತಿದ್ದ ಯುವಕ. ಆ ರಕ್ತದಲ್ಲಿ ಎಚ್‌ಐವಿ ಕಂಡಿತೆಂದು 1989ರ ಫೆಬ್ರವರಿಯಲ್ಲಿ ಪೊಲೀಸರು ಹಿಡಿದು, ಪಾಳುಬಿದ್ದ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ 64 ದಿನ ಕೂಡಿಹಾಕಿದರು. ಅದಕ್ಕೆ ಅಧಿಕಾರ ಕೊಟ್ಟದ್ದು ಅಲ್ಲಿನ ಸಾರ್ವಜನಿಕ ಆರೋಗ್ಯ ಕಾಯ್ದೆ. ತಾಯಿ ಲೂಸಿ ಹೈಕೋರ್ಟಿಗೆ ಹೋದರು, ಆನಂದ್ ಗ್ರೋವರ್ ವಾದಿಸಿದರು. ಡೊಮಿನಿಕ್ ಹೊರಬಂದರು, ಆದರೆ ಕೂಡಿಹಾಕುವ ಅಧಿಕಾರವನ್ನು ಕೋರ್ಟು ಎತ್ತಿಹಿಡಿಯಿತು. 1992ರಲ್ಲಿ ಅವರು ತೀರಿಕೊಂಡರು. ರೋಗದ ಹೆಸರು ಖಾಕಿಯ ಕಿವಿಗೆ ಬಿದ್ದರೆ ಮನುಷ್ಯ ರೋಗಿಯಾಗಿ ಉಳಿಯುವುದಿಲ್ಲ ಎಂಬುದನ್ನು ನಾನು ಅವರಿಂದ ಕಲಿತಿದ್ದೆ.

ಚೀಟಿ ತೆಗೆಯಲಿಲ್ಲ.

ಒಳಗಿನಿಂದ ಆಕೆ ನೋಡುತ್ತಿದ್ದಳು. ನನ್ನನ್ನಲ್ಲ, ನನ್ನ ತಲೆಯ ಮೇಲಿದ್ದ ಗೋಡೆ ಗಡಿಯಾರವನ್ನು. ಹನ್ನೆರಡು ತಾಸಿಗೊಮ್ಮೆ ಎಂದು ಡಾಕ್ಟರು ಹೇಳಿದ್ದನ್ನು ಆಕೆ ದೇವರ ಮಾತಿನಂತೆ ಹಿಡಿದಿದ್ದಳು. ಒಂದು ರಾತ್ರಿ ತಡವಾದರೆ ಜೀವಕ್ಕೇನೂ ಅಪಾಯವಿಲ್ಲ, ನಿಜ. ಆದರೆ ಹೀಗೆ ಹಿಡಿದೊಯ್ಯುವುದು ಮತ್ತೆ ಮತ್ತೆ ನಡೆಯುತ್ತಿದ್ದ ಊರು ಅದು. ಗುಳಿಗೆ ಪದೇ ಪದೇ ತಪ್ಪಿದರೆ ವೈರಸ್ಸು ಮದ್ದಿಗೆ ಬಗ್ಗದಂತಾಗುತ್ತದೆ. ಸರ್ಕಾರ ಪುಕ್ಕಟೆ ಮದ್ದು ಶುರುಮಾಡಿದ್ದೇ 2004ರ ಏಪ್ರಿಲ್‌ನಲ್ಲಿ. ಮೊದಲ ಮದ್ದು ಸೋತರೆ ಕೊಡಲು ಆ ಯೋಜನೆಯಲ್ಲಿ ಬೇರೆ ಮದ್ದು ಆಗ ಇರಲಿಲ್ಲ.

ಒಂಬತ್ತಾಯಿತು. ಹತ್ತಾಯಿತು. ಹುಡುಗಿ ನನ್ನ ತೊಡೆಗೆ ಆತು ಕೂತಿದ್ದಳು. ನಾನು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಹೊತ್ತು ಮುಳುಗಿದ ಮೇಲೆ, ಮಹಿಳಾ ಪೊಲೀಸರಿಲ್ಲದೆ, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಹೆಂಗಸನ್ನು ಬಂಧಿಸುವಂತಿಲ್ಲ. ದಂಡಪ್ರಕ್ರಿಯಾ ಸಂಹಿತೆಗೆ ಆ ತಿದ್ದುಪಡಿ ಬಂದು ಆರು ತಿಂಗಳೂ ಆಗಿರಲಿಲ್ಲ. ಯಾರೂ ನಂಬಲಿಲ್ಲ. ಹತ್ತೂವರೆ ದಾಟಿದ ಮೇಲೆ ಬಂದ ಮೇಲಧಿಕಾರಿ ಪುಸ್ತಕ ತರಿಸಿ ಓದಿದರು, ಏನೂ ಹೇಳದೆ ಕೈಸನ್ನೆ ಮಾಡಿದರು. ಬಂಧನವೆಂದು ಎಲ್ಲೂ ದಾಖಲಾಗಿರಲಿಲ್ಲ, ಹಾಗಾಗಿ ಬಿಡುಗಡೆಗೂ ಕಾಗದವಿರಲಿಲ್ಲ.

ಬೀದಿಯ ನಲ್ಲಿಗೆ ಬೊಗಸೆಯೊಡ್ಡಿ ಆಕೆ ಗುಳಿಗೆ ನುಂಗಿದಳು. ಹನ್ನೊಂದಕ್ಕೆ ಹತ್ತು ನಿಮಿಷ.

ಬಹಳ ವರ್ಷಗಳ ಮೇಲೆ, 2018ರ ಸೆಪ್ಟೆಂಬರ್ 10ರಂದು ಎಚ್‌ಐವಿ ಕಾಯ್ದೆ ಜಾರಿಗೆ ಬಂದಾಗ ನಾನು ಮೊದಲು ಹುಡುಕಿದ್ದು ಎರಡು ವಿಷಯ. ಒಪ್ಪಿಗೆಯಿಲ್ಲದೆ ಯಾರ ಸೋಂಕನ್ನೂ ಬಯಲು ಮಾಡುವಂತಿಲ್ಲ ಎಂದು 8ನೇ ಕಲಂ. ಸೋಂಕು ತಡೆಯಲು ನಿರೋಧ್ ಕೊಡುವುದು ಅಪರಾಧವಾಗದು ಎಂದು 22ನೇ ಕಲಂ. 2022ರ ಮೇ 19ರಂದು ಸುಪ್ರೀಂ ಕೋರ್ಟು ಸಹ, ನಿರೋಧನ್ನು ಲೈಂಗಿಕ ಕಾರ್ಯಕರ್ತೆಯರ ವಿರುದ್ಧ ಸಾಕ್ಷಿಯಾಗಿ ಪೊಲೀಸರು ಬಳಸಬಾರದೆಂಬ ಶಿಫಾರಸನ್ನು ಪಾಲಿಸಲು ಹೇಳಿತು. ಕಾಯ್ದೆ, ಕೋರ್ಟಿನ ಆದೇಶ ಎರಡನ್ನೂ ಓದಿದಾಗ ನನಗೆ ಆ ಗೋಡೆ ಗಡಿಯಾರ ನೆನಪಾಗಿ ಕಣ್ಣು ತುಂಬಿತು.

ಅಂದು ರಾತ್ರಿ ಗುಳಿಗೆ ನುಂಗಿ ಮನೆಯತ್ತ ನಡೆಯುತ್ತಿದ್ದ ಆಕೆ ಓಣಿಯ ತಿರುವಿನಲ್ಲಿ ತಟ್ಟನೆ ನಿಂತಳು.

‘ವಕೀಲಕ್ಕಾರ, ಚೀಲ ಕೊಡಲಿಲ್ಲಲ್ರೀ ಅವರು.’

‘ಹೋಗಲಿ ಬಿಡ್ರಿ.’

‘ಹೆಂಗ ಬಿಡ್ಲಿ? ನಲವತ್ತೆಂಟು ನಿರೋಧ್ ಅದಾವು ಅದರಾಗ. ಸರ್ಕಾರದ ಮಾಲು. ಸೋಮವಾರ ಲೆಕ್ಕ ಕೊಡಬೇಕು.’

ಆಕೆಗೆ ಓದು ಬರಹ ಬಾರದು. ಮನೆಗೆ ಹೋದ ಮೇಲೆ ಮೂಲೆಯಿಂದ ದಾಖಲೆ ಪುಸ್ತಕ ತಂದು, ಚಿಮಣಿಯ ಬೆಳಕಿನಲ್ಲಿ ನನ್ನ ಮುಂದೆ ಬಿಡಿಸಿಟ್ಟಳು. ಯಾರಿಗೆ ಎಷ್ಟು ಕೊಟ್ಟೆ ಎಂಬುದರ ಸಾಲು ಸಾಲು ಗೀಟುಗಳು. ಕಡೆಯ ಸಾಲಿನ ಮೇಲೆ ಬೆರಳಿಟ್ಟಳು. ಆಕೆ ಹೇಳಿದ ಹಾಗೇ ಬರೆದೆ: ‘ಠಾಣೆಯಲ್ಲಿ ಉಳಿದದ್ದು, 48.’