ಕೆರೆಯ ಜಗಲಿ

ಮನೆ ಕೊಳ್ಳುವಾಗ ಬಿಲ್ಡರ್ ಕೈಗಿಟ್ಟ ಬಣ್ಣದ ಪುಸ್ತಿಕೆಯಲ್ಲಿ ಕೆರೆ ನೀಲಿಯಾಗಿತ್ತು. ಅದರ ಸುತ್ತ ತೆಳುವಾದ ಹಸಿರು ಪಟ್ಟಿ, ಪಟ್ಟಿಯ ಆಚೆ ಒಂದೇ ತಟ್ಟೆಯಲ್ಲಿ ಬೇಯಿಸಿದ ಇಡ್ಲಿಗಳ ಹಾಗೆ ನಮ್ಮ ಮನೆಗಳು. ‘ಲೇಕ್ ವ್ಯೂ’ ಅಂತ ಚದರಡಿಗೆ ಇಷ್ಟು ಹೆಚ್ಚಿಗೆ ತೆತ್ತವರಲ್ಲಿ ನಾನೂ ಒಬ್ಬ. ಬಂದು ನೋಡಿದರೆ ಕೆರೆ ಯಾವ ತಿಂಗಳಲ್ಲೂ ನೀಲಿಯಾಗಲಿಲ್ಲ. ಮಳೆಗಾಲದಲ್ಲಿ ಕಾಫಿ, ಬೇಸಿಗೆಯಲ್ಲಿ ತೊವ್ವೆ. ಹಸಿರು ಪಟ್ಟಿಯೊಂದು ಮಾತ್ರ ಸುಳ್ಳಾಗಿರಲಿಲ್ಲ. ಆಳೆತ್ತರದ ಜಂಬು, ನಾಲ್ಕು ಹೊಂಗೆ, ಒಂದು ಬಾಗಿದ ಜಾಲಿ, ಕಾಲಿಡಲು ಬಿಡದ ಲಂಟಾನ. ಕೆರೆಯ ಹೆಸರು ಬೇಡ, ಸರ್ಜಾಪುರ ರಸ್ತೆಯ ಕಡೆಯದು ಎಂದರೆ ಸಾಕು. ಹೆಸರು ಹೇಳಿದರೆ ಮನೆ ಬೆಲೆ ಬೀಳುತ್ತದೆಂದು ನೆರೆಯವರೂ ಏರುತ್ತದೆಂದು ದಲ್ಲಾಳಿಗಳೂ ಒಟ್ಟಿಗೇ ಬಂದು ಕದ ತಟ್ಟುತ್ತಾರೆ.

ಆ ಪಟ್ಟಿಯನ್ನು ‘ಬಫರ್’ ಎನ್ನುತ್ತಾರೆಂದು ನಮಗೆ ತಿಳಿದದ್ದು ಬಡಾವಣೆಯ ಸಂಘದ ಮೊದಲ ಸಭೆಯಲ್ಲಿ. ಹಿಂದಿನ ಸಾಲಿನ ಹಿರಿಯರೊಬ್ಬರು ಅದನ್ನು ಬಫೆ ಎಂದು ಕೇಳಿಸಿಕೊಂಡು ಊಟ ಎಷ್ಟು ಗಂಟೆಗೆ ಎಂದರು. ನನ್ನ ಮೊಮ್ಮಗಳಿಗೆ ಅದು ಮೊದಲೇ ಗೊತ್ತಿತ್ತು: ವಿಡಿಯೋ ಸುತ್ತುತ್ತಾ ನಿಂತರೆ ಬಫರ್ ಆಗ್ತಿದೆ ತಾತ! ಈಗ ಯೋಚಿಸಿದರೆ ಆ ಸಭೆಯಲ್ಲಿ ಬಂದ ಅರ್ಥಗಳಲ್ಲಿ ಸರಿಯಾದದ್ದು ಅದೇ. ನಮ್ಮ ರಸ್ತೆ, ತಾರಸಿ, ಕಾರು ತೊಳೆದ ಜಾಗಗಳಿಂದ ದಡಬಡಿಸಿ ಬರುವ ನೀರು ಈ ಹುಲ್ಲಿನಲ್ಲಿ ಸಿಕ್ಕಿ ಸುತ್ತಿ ನಿಲ್ಲುತ್ತದೆ, ಹೊತ್ತು ತಂದ ಮಣ್ಣನ್ನು ಇಳಿಸುತ್ತದೆ. ಅದರಲ್ಲಿ ಕರಗಿದ ಸಾರಜನಕ, ರಂಜಕಗಳಲ್ಲಿ ಒಂದಷ್ಟನ್ನು ಜಂಬಿನ ಬೇರು ಹೀರಿಕೊಳ್ಳುತ್ತದೆ. ಆಮೇಲೆ ನೀರು ಮೆಲ್ಲಗೆ ಕೆರೆಗಿಳಿಯುತ್ತದೆ.

ನನಗೆ ಅದು ಬಫರ್ ಆಗಿ ಅರ್ಥವಾಗಲಿಲ್ಲ, ಜಗಲಿಯಾಗಿ ಅರ್ಥವಾಯಿತು. ನಮ್ಮೂರು ತಿಪಟೂರಿನ ಕಡೆ. ಅಲ್ಲಿ ನಮ್ಮ ಮನೆಗೊಂದು ಉದ್ದನೆಯ ಜಗಲಿಯಿತ್ತು. ಅದು ಮನೆಯೂ ಅಲ್ಲ, ಬೀದಿಯೂ ಅಲ್ಲ. ಮಳೆಗೆ ಸಿಕ್ಕಿದವನು, ಬಳೆಗಾರ, ಪಂಚಾಯ್ತಿಗೆ ಬಂದು ಗುಮಾಸ್ತ ಸಿಗದೆ ಕಾಯುವವನು, ಮರಿ ಹಾಕಿದ ನಾಯಿ, ಯಾರೂ ನಮ್ಮನ್ನು ಕೇಳದೆ ಅಲ್ಲಿ ಕೂರುತ್ತಿದ್ದರು. ಬೀದಿಯ ಧೂಳು ಅಲ್ಲಿಗೇ ನಿಲ್ಲುತ್ತಿತ್ತು, ಬೀದಿಯ ಜಗಳ ಕೂಡ. ನನ್ನ ಚಿಕ್ಕಪ್ಪನಿಗೆ ಒಂದು ದಿನ ಇಷ್ಟು ಜಾಗ ದಂಡವಾಗುತ್ತಿದೆಯಲ್ಲ ಎಂಬ ಜ್ಞಾನೋದಯವಾಗಿ, ಜಗಲಿಗೆ ಗೋಡೆ ಎಬ್ಬಿಸಿ ಗೊಬ್ಬರದಂಗಡಿಗೆ ಬಾಡಿಗೆಗೆ ಕೊಟ್ಟ. ಬಾಡಿಗೆ ತಿಂಗಳು ತಿಂಗಳು ಬಂತು. ಧೂಳು ನೇರವಾಗಿ ದೇವರ ಮನೆಗೆ ಬಂತು. ನಾಯಿ ಎಲ್ಲಿ ಮರಿ ಹಾಕಿತೋ ಯಾರೂ ವಿಚಾರಿಸಲಿಲ್ಲ.

ನಮ್ಮ ಬಡಾವಣೆಗೆ ಹಾಲು ಹಾಕುವ ತಾತನೊಬ್ಬರಿದ್ದಾರೆ. ಅವರ ಮನೆತನದವರು ಈ ಕೆರೆಗೆ ನೀರುಗಂಟಿಗಳಾಗಿದ್ದವರು: ತೂಬು ಎತ್ತುವುದು, ಅಚ್ಚುಕಟ್ಟಿಗೆ ಸರದಿಯ ಮೇಲೆ ನೀರು ಬಿಡುವುದು, ಏರಿಯಲ್ಲಿ ಹೆಗ್ಗಣ ಬಿಲ ಕೊರೆದರೆ ಮುಚ್ಚುವುದು. ಈಗ ಅಚ್ಚುಕಟ್ಟಿನಲ್ಲಿ ಸಾಫ್ಟ್‌ವೇರ್ ಬೆಳೆಯುತ್ತಾರೆ, ತೂಬಿಗೆ ಕೆಲಸವಿಲ್ಲ. ಬಫರ್ ಎಂದಾಗ ತಾತ ನಕ್ಕರು. “ಏರಿ ಕಡೆ ಕೆರೆ ಗಟ್ಟಿ ಸ್ವಾಮಿ, ಅಲ್ಲಿ ಗೆರೆ ಎಳೀಬಹುದು. ನೀವು ಮನೆ ಮಾಡ್ಕಂಡಿರೋದು ಎದುರುಗಡೆ, ನೀರು ಒಳಕ್ಕೆ ಬರೋ ಕಡೆ. ಇಲ್ಲಿ ಕೆರೆ ಒಂದ್ವರ್ಷ ಕಾಲು ಚಾಚ್ತದೆ, ಒಂದ್ವರ್ಷ ಮಡಚ್ತದೆ. ಯಾವ ಕಾಲಿಂದ ಅಳೀತೀರಿ?”

ಯಾವ ಕಾಲಿನಿಂದ ಅಳೆಯುವುದು ಎಂಬುದು ಬೆಂಗಳೂರಿನಲ್ಲಿ ದೇಶದ ಅತಿ ದೊಡ್ಡ ನ್ಯಾಯಾಲಯದವರೆಗೆ ಹೋಗಿ ಬಂದ ಪ್ರಶ್ನೆ. ನಗರದ ಆಗಿನ ಮಾಸ್ಟರ್ ಪ್ಲಾನಿನ ಲೆಕ್ಕದಲ್ಲಿ ಕೆರೆಯಂಚಿನಿಂದ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆ ನೋಡಿ 50, 25, 15 ಮೀಟರ್, ಅದೂ ಕಾಲುವೆಯ ನಡುಮಧ್ಯದಿಂದ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜೌಗು ನೆಲದಲ್ಲಿ ಏಳಲಿದ್ದ ಕಟ್ಟಡಗಳ ಮೇಲೆ ದೂರು ಹೋಗಿ, 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75, ಕಾಲುವೆಗಳಿಗೆ 50, 35, 25 ಎಂದಿತು. ನಗರವೆಲ್ಲ ಟೇಪು ಹಿಡಿದು ಓಡಾಡಿತು. ನಮ್ಮ ಸಾಲಿನ ಮನೆಗಳೂ ಆ 75ರೊಳಗೆ ಬೀಳುತ್ತಿದ್ದವು. ಕೆರೆ ಪ್ರೀತಿಯ ಬಗ್ಗೆ ಭಾಷಣ ಮಾಡುತ್ತಿದ್ದ ನಾನು ಆ ದಿನಗಳಲ್ಲಿ ಬಹಳ ಮೌನವಾಗಿದ್ದೆ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ಮಾಸ್ಟರ್ ಪ್ಲಾನಿನ ಅಳತೆಯನ್ನು ನ್ಯಾಯಮಂಡಳಿ ಬದಲಿಸುವಂತಿಲ್ಲವೆಂದು ಮತ್ತೆ 30ಕ್ಕೇ ತಂದಿತು. ಆ ಸಂಜೆ ಸಂಘದವರು ಮೈಸೂರುಪಾಕು ಹಂಚಿದರು. ನಾನು ಎರಡು ತಿಂದೆ.

ಅಂತೂ ಉಳಿದದ್ದು 30 ಮೀಟರ್. ಉದ್ದನೆಯ ಬಸ್ಸು ಮೂರನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಮುಗಿಯಿತು. ಅಷ್ಟರಲ್ಲಿ ಎಷ್ಟು ಸಂಸಾರಗಳಿದ್ದವೆಂದು ನಾನು ಬಾಲ್ಕನಿಯಿಂದ ಎಣಿಸುತ್ತಿದ್ದೆ. ಜಂಬಿನೊಳಗೆ ನೇರಳೆ ಜಂಬುಕೋಳಿ, ಹೊಸ ಬೂಟು ಹಾಕಿಕೊಂಡವರ ಹಾಗೆ ಎತ್ತೆತ್ತಿ ಹೆಜ್ಜೆಯಿಡುತ್ತಿತ್ತು. ನೀರಿನಲ್ಲಿ ನಾಮದ ಕೋಳಿ, ಗುಳುಮುಳುಕ. ಜಾಲಿಯ ಕೊಂಬೆಗೆ ಗೀಜಗನ ಗೂಡುಗಳು. ನೀರಿನ ಪ್ರಾಣಿಗಳೆಂದು ನಾವು ಲೆಕ್ಕ ಹಾಕಿದವರಿಗೂ ಒಣನೆಲದಲ್ಲಿ ಕೆಲಸವಿರುತ್ತದೆ. ಆಮೆ ಮೊಟ್ಟೆಯಿಡಲು ದಡ ಹತ್ತಿ ಮಣ್ಣು ತೋಡಬೇಕು, ವರಟೆ ಬಾತಿಗೆ ದಡದ ಹುಲ್ಲಿನೊಳಗೆ ಮರೆ ಬೇಕು. ಬಯಲಾದ ಚೂರು ಜಾಗದಲ್ಲಿ ಟಿಟ್ಟಿಭ. ಆಕಾಶ ಬಿದ್ದರೆ ಆತುಕೊಳ್ಳಲೆಂದು ಕಾಲು ಮೇಲೆ ಮಾಡಿ ಮಲಗುತ್ತದೆಂದು ಪಂಚತಂತ್ರ ಗೇಲಿ ಮಾಡುವ ಹಕ್ಕಿ ಇದೇ. ದಡದಲ್ಲಿಟ್ಟ ಮೊಟ್ಟೆಗಳನ್ನು ಸಮುದ್ರ ಎಳೆದುಕೊಂಡಾಗ ಗರುಡನವರೆಗೂ ದೂರು ಒಯ್ದು ವಾಪಸು ಪಡೆದದ್ದೂ ಇದೇ. ರಾತ್ರಿ ಹನ್ನೊಂದಕ್ಕೆ ಯಾರಾದರೂ ಗೇಟು ತೆಗೆದರೂ ಸಾಕು, ಬಡಾವಣೆಗೆಲ್ಲ ಕೂಗಿ ಹೇಳುತ್ತಿತ್ತು. ಕಾವಲುಗಾರನಿಗೆ ಸಂಬಳ ಕೊಡುವುದೇಕೆ ಎಂದು ನನ್ನ ಹೆಂಡತಿ ಕೇಳುತ್ತಿದ್ದಳು.

ಈ ಜಗಲಿಯನ್ನು ಕಳೆದವರು ಯಾರು? ಬಿಲ್ಡರ್ ಎಂದು ಬರೆದರೆ ಪ್ರಬಂಧಕ್ಕೆ ಅನುಕೂಲ. ನಿಜವೆಂದರೆ ಅವನು ಅಳತೆ ಬಿಟ್ಟಿದ್ದ. ಕಳೆದವರು ನಾವು. ಪಟ್ಟಿ ಕಾಡಾಗಿದೆ, ಹಾವು ಬರುತ್ತವೆ, ಸೊಳ್ಳೆ, ಅತಿಥಿಗಳ ಮುಂದೆ ನಾಚಿಕೆ ಎಂದು ಸಭೆ ಸೇರಿತು. ಕಾನೂನು ಕಟ್ಟಡ ಬೇಡ ಅಂದಿದೆ, ಹುಲ್ಲುಹಾಸು ಬೇಡ ಅಂದಿಲ್ಲ ಎಂದು ಅಧ್ಯಕ್ಷರು ಸಾಲು ಓದಿ ತೋರಿಸಿದರು. ಬಡಾವಣೆಯಲ್ಲಿ ಕನ್ನಡ ಬರೆಯಲು ಬರುವವನೆಂಬ ಕೀರ್ತಿ ನನ್ನದಾದ್ದರಿಂದ ಸುತ್ತೋಲೆ ಬರೆಯುವ ಹೊಣೆ ನನಗೆ ಬಂತು. ‘ನಮ್ಮ ಕೆರೆ, ನಮ್ಮ ಹೆಮ್ಮೆ’ ಎಂಬ ತಲೆಬರಹ ನನ್ನದೇ. ಕೈ ಎತ್ತಿದವರಲ್ಲೂ ನಾನಿದ್ದೆ. ಮಂಡಿನೋವು, ವಾಕಿಂಗಿಗೆ ಸಮತಟ್ಟು ಜಾಗ ಬೇಕಿತ್ತು.

ಜೆಸಿಬಿ ಎರಡು ದಿನದಲ್ಲಿ ಕೆಲಸ ಮುಗಿಸಿತು. ಲಂಟಾನದ ಜೊತೆಗೆ ಜಂಬೂ ಹೋಯಿತು, ಗೂಡುಗಳಿದ್ದ ಜಾಲಿಯೂ ಹೋಯಿತು. ಲಾರಿಯಲ್ಲಿ ಬಂದ ಹುಲ್ಲುಹಾಸು ಜಮಖಾನದಂತೆ ಬಿಚ್ಚಿಕೊಂಡಿತು. ಸಿಮೆಂಟು ಇಟ್ಟಿಗೆಯ ಹಾದಿ, ಆರು ಬೆಂಚು, ಹದಿನಾಲ್ಕು ದೀಪದ ಕಂಬ. ಕೇರೆಹಾವುಗಳು ಹೋದವು (ಕೆರೆಗೂ ಕೇರೆಗೂ ಕನ್ನಡದಲ್ಲಿ ಒಂದು ದೀರ್ಘದಷ್ಟೇ ಅಂತರ), ಅವು ಹೋದ ಮೇಲೆ ನೆಲಮಾಳಿಗೆಯಲ್ಲಿ ಕಾರಿನ ವೈರು ಕಡಿಯುವ ಇಲಿಗಳು ಬಂದವು. ಹುಲ್ಲುಹಾಸಿಗೆ ಹಾಕಿದ ಯೂರಿಯಾ ಮೊದಲ ಮಳೆಗೇ ಕೆರೆಗಿಳಿದು ಅಂತರಗಂಗೆಗೆ ಹಬ್ಬವಾಯಿತು. ಸೊಳ್ಳೆ ಇದ್ದಷ್ಟೇ ಇವೆ. ಟಿಟ್ಟಿಭ ಒಂದು ವಾರ ಕಂಬಗಳ ಮೇಲೆ ಸುತ್ತು ಹಾಕಿ ಕೂಗಿತು, ಆಮೇಲೆ ಕಾಣಲಿಲ್ಲ. ಹಾದಿಯಲ್ಲಿ ನಡೆಯುವಾಗ ಮಂಡಿಗೆ ಹಿತವಾಗಿತ್ತು ಎಂಬುದನ್ನೂ ಹೇಳಬೇಕು.

2022ರ ಸೆಪ್ಟೆಂಬರ್ ನಿಮಗೂ ನೆನಪಿರಬಹುದು. ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆಯ ಬಡಾವಣೆಗಳ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು. ನಮ್ಮಲ್ಲೂ ನೀರು ಹುಲ್ಲುಹಾಸು ದಾಟಿ, ಬೆಂಚು ದಾಟಿ, ನೆಲಮಾಳಿಗೆಗೆ ಇಳಿಜಾರಿನಲ್ಲಿ ಸಲೀಸಾಗಿ ಇಳಿಯಿತು. ಟ್ರೇಲರಿನಲ್ಲಿ ಲ್ಯಾಪ್‌ಟಾಪು ತಬ್ಬಿಕೊಂಡು ನಿಂತವರ ನಡುವೆ ನಾನು ಮಾತ್ರೆಯ ಡಬ್ಬಿ ಹಿಡಿದು ನಿಂತಿದ್ದೆ. ಹಾಲಿನ ತಾತ ಲುಂಗಿ ಎತ್ತಿ ಕಟ್ಟಿ ರಸ್ತೆ ಬದಿಯಲ್ಲಿದ್ದರು. “ಈ ಟ್ರ್ಯಾಕ್ಟರ್ ನಿಮ್ಮ ಬಿಲ್ಡಿಂಗ್ ಇರೋ ಜಾಗದಲ್ಲೇ ರಾಗಿ ಹೊಲ ಉಳ್ತಿತ್ತು ಸ್ವಾಮಿ” ಎಂದರು. ಗುರುತು ಸಿಕ್ಕ ಹಳೆಯ ಎತ್ತಿನ ಬೆನ್ನು ತಟ್ಟುವಂತೆ ಬಾನೆಟ್ಟಿನ ಮೇಲೆ ಒಂದು ಸಲ ತಟ್ಟಿದರು.

ನೀರು ಇಳಿದ ಮೇಲೆ ಸಂಘ ನನ್ನನ್ನು ನಿರ್ವಹಣೆಯ ದೂರುಗಳ ಉಸ್ತುವಾರಿಗೆ ಹಾಕಿತು. ನಿವೃತ್ತರಿಗೆ ಸಿಗುವ ಹುದ್ದೆ. ಹಾಗಾಗಿ ಹನ್ನೊಂದನೇ ಕಂಬದ ದೀಪ ಕೆಟ್ಟಾಗ ಅದನ್ನು ಪುಸ್ತಕದಲ್ಲಿ ಬರೆಯಬೇಕಾದವನು ನಾನೇ. ಮೊದಲ ವಾರ ನಿಜವಾಗಿಯೂ ಮರೆತೆ. ಎರಡನೇ ವಾರ ಆ ಕತ್ತಲಿನ ಕೆಳಗೆ ಕಪ್ಪೆಗಳು ವಟಗುಟ್ಟುವುದು ಕೇಳಿ ಮರೆವನ್ನು ಮುಂದುವರಿಸಿದೆ. ಆಮೇಲೆ ಹನ್ನೆರಡನೆಯದೂ ಕೆಟ್ಟಿತು. ಕೆಟ್ಟಿತು ಎಂದೇ ಬರೆಯುತ್ತೇನೆ. ಹನ್ನೆರಡರ ಪಕ್ಕ ಮಾಲಿಗೆ ಕತ್ತರಿಸಬೇಡ ಎಂದು ಹೇಳಿದ್ದ ಮೂಲೆಯಲ್ಲಿ ಜಂಬು ಮತ್ತೆ ಮೊಳಕಾಲೆತ್ತರ ಬಂದಿದೆ. ಯಾರಾದರೂ ಕೇಳಿದರೆ ಔಷಧಿ ಗಿಡ ಎನ್ನುತ್ತೇನೆ.

ಈ ಬೇಸಿಗೆಯಲ್ಲಿ ಹಾದಿಯನ್ನು ಇನ್ನಷ್ಟು ಉದ್ದ ಮಾಡಲು ಒಂದು ಲೋಡು ಜಲ್ಲಿ ತರಿಸಿ ಆ ಕತ್ತಲೆ ಮೂಲೆಯಲ್ಲೇ ಹರಡಿದ್ದರು. ಹೋದ ಬುಧವಾರ ಬೆಳಿಗ್ಗೆ ಅತ್ತ ಹೋದೆ. ತಲೆಯ ಮೇಲೆ ಪರಿಚಿತ ಬೈಗುಳ ಶುರುವಾಯಿತು. ಕೆಂಪು ಮೂತಿ, ಹಳದಿ ಕಾಲು. ಹಕ್ಕಿ ಒಂದು ಕಡೆ ರೆಕ್ಕೆ ಮುರಿದವರ ಹಾಗೆ ಹೊರಳಾಡಿ ನಾಟಕ ಮಾಡಿತು. ನಾನು ಇನ್ನೊಂದು ಕಡೆ ಬಗ್ಗಿ ನೋಡಿದೆ. ಜಲ್ಲಿಯ ನಡುವೆ ಜಲ್ಲಿಯದೇ ಬಣ್ಣದ ನಾಲ್ಕು ಮೊಟ್ಟೆ, ಚೂಪು ತುದಿಗಳನ್ನು ಒಳಗೆ ಮಾಡಿಕೊಂಡು ಕೂತಿದ್ದವು. ಮರಿಯಾಗಲು ಸುಮಾರು ನಾಲ್ಕು ವಾರ ಬೇಕು. ಕಂಟ್ರಾಕ್ಟರು ರೋಲರ್ ತರುವುದು ಸೋಮವಾರ.

ಗರುಡನ ನಂಬರು ನನ್ನಲ್ಲಿರಲಿಲ್ಲ. ಕಂಟ್ರಾಕ್ಟರಿಗೇ ಫೋನು ಮಾಡಿದೆ.

“ಸ್ವಲ್ಪ ತಡ ಆಗುತ್ತಪ್ಪ. ಒಂದು ತಿಂಗಳು ನಿಲ್ಲಿಸು.”

“ಯಾಕೆ ಸಾರ್? ಆಳುಗಳಿಗೆಲ್ಲ ಹೇಳಿಬಿಟ್ಟಿದ್ದೀನಿ. ಅಧ್ಯಕ್ಷರು ಅರ್ಜೆಂಟ್ ಅಂದಿದ್ರು.”

ಹಕ್ಕಿ ಎಂದರೆ ನಗುತ್ತಾನೆ, ಅಧ್ಯಕ್ಷರಿಗೆ ಹೇಳುತ್ತಾನೆ. ಒಂದು ಕ್ಷಣ ತಡವರಿಸಿ, “ಆ ಜಾಗ ಸರ್ವೆ ಆಗಬೇಕಂತೆ. ಕೆರೆ ಗಡಿ ವಿಷಯ” ಎಂದೆ.

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು.

“ಓಹ್, ಸರ್ವೆನಾ? ಮೊದಲೇ ಹೇಳಬಾರದಾ ಸಾರ್! ಹಂಗಾದ್ರೆ ರೋಲರ್‌ನ ಬೇರೆ ಸೈಟಿಗೆ ಕಳಿಸಿಬಿಡ್ತೀನಿ. ಇನ್ನು ಮುಂದಿನ ವರ್ಷ ನೋಡಾಣ.”