ಹಾಡುತ್ತಾ ಹಾಡುತ್ತಾ ರಾಗ

ನಮ್ಮ ಸಂಘದ ಹಲವು ಕುಟುಂಬಗಳ ಮಕ್ಕಳು ಈಗ ಕಾಲೇಜು ಸೇರುವ ವಯಸ್ಸಿನಲ್ಲಿದ್ದಾರೆ. ಅವರಲ್ಲಿ ಕೆಲವರಿಗೆ ಓದಿನ ಜೊತೆಗೆ ಆಟವನ್ನೂ ಮುಂದುವರಿಸುವ ಹಂಬಲವಿದೆ. ನನ್ನ ಮಗಳು ಒಹಾಯೊ ರಾಜ್ಯದ ಒಂದು ಸಣ್ಣ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಮೂರು ವರ್ಷಗಳಿಂದ ಆಡುತ್ತಿದ್ದಾಳೆ. ಎಳೆಯ ಆಟಗಾರರಲ್ಲಿ ಆತ್ಮವಿಶ್ವಾಸ ಹೇಗೆ ಕುಂದುತ್ತದೆ, ಹೇಗೆ ಮತ್ತೆ ಚಿಗುರುತ್ತದೆ ಎಂಬುದನ್ನು ಈ ಅವಧಿಯಲ್ಲಿ ಹತ್ತಿರದಿಂದ ಕಂಡಿದ್ದೇನೆ.

ಅವಳದು ಎನ್‌ಸಿಎಎ ಮೂರನೆಯ ಡಿವಿಜನ್‌ನ ಕಾಲೇಜು. ಈ ವಿಭಾಗದಲ್ಲಿ ಕ್ರೀಡೆಗಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಆಟದ ಮೇಲಿನ ಪ್ರೀತಿಯೊಂದೇ ಆಟಗಾರರನ್ನು ಹಿಡಿದಿಡುತ್ತದೆ. ಅದು ಸಡಿಲಗೊಂಡರೆ ತಂಡ ಬಿಡಲು ಯಾವ ಅಡ್ಡಿಯೂ ಇಲ್ಲ. ಹೈಸ್ಕೂಲಿನಲ್ಲಿ ಮೊದಲ ಐವರಲ್ಲಿ ಒಬ್ಬಳಾಗಿದ್ದವಳು ಇಲ್ಲಿ ಬೆಂಚಿನ ಮೇಲೆ ಕುಳಿತು ಕಾಯಬೇಕಾಯಿತು. ತಮ್ಮ ತಮ್ಮ ಶಾಲೆಗಳಲ್ಲಿ ಶ್ರೇಷ್ಠರೆನಿಸಿಕೊಂಡವರೇ ಅಲ್ಲಿ ಒಂದೆಡೆ ಸೇರಿರುವಾಗ ಇದು ಸಹಜ. ಆದರೆ ಹದಿನೆಂಟರ ಹರೆಯಕ್ಕೆ ಆ ಸಹಜತೆ ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ.

ಎರಡನೆಯ ವರ್ಷದ ಒಂದು ಪಂದ್ಯದ ಕೊನೆಯ ಗಳಿಗೆಯಲ್ಲಿ ಅವಳಿಗೆ ಎರಡು ಫ್ರೀ ಥ್ರೋಗಳು ದೊರೆತವು. ಎರಡೂ ತಪ್ಪಿದವು. ತಂಡ ಒಂದು ಅಂಕದಿಂದ ಸೋತಿತು. ಮುಂದಿನ ಪಂದ್ಯಗಳಲ್ಲಿ ಅವಳ ಆಟವೇ ಬದಲಾಯಿತು. ಎದುರಿಗೆ ಯಾರೂ ಇಲ್ಲದಿದ್ದರೂ ಬುಟ್ಟಿಯತ್ತ ಚೆಂಡು ಎಸೆಯದೆ ಪಕ್ಕದವರಿಗೆ ದಾಟಿಸತೊಡಗಿದಳು. ಎಸೆಯಲೋ ಬೇಡವೋ ಎಂದು ಕ್ಷಣಕಾಲ ತಡೆದರೂ ಸಾಕು, ಎದುರಾಳಿ ಓಡಿಬಂದು ಕೈ ಎತ್ತಿ ನಿಲ್ಲುತ್ತಾಳೆ. ಸುಲಭವಾಗಿದ್ದ ಎಸೆತ ಕಷ್ಟದ್ದಾಗುತ್ತದೆ, ತಪ್ಪುತ್ತದೆ. ಹೀಗೆ ಅನುಮಾನವು ತನ್ನ ಸಾಕ್ಷಿಯನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ.

ಒಂದು ರಾತ್ರಿ ಫೋನಿನಲ್ಲಿ, “ಅಪ್ಪಾ, ಈ ತಂಡಕ್ಕೆ ನಾನು ಬೇಕಾಗಿಲ್ಲ ಅನ್ನಿಸುತ್ತೆ. ಬಿಟ್ಟುಬಿಡಲಾ?” ಎಂದು ಕೇಳಿದಳು. ಅವಳ ತಾಯಿ ಶಾಂತವಾಗಿ, “ಬಿಡುವುದಾದರೆ ಬಿಡು ಮಗಳೇ, ಆದರೆ ಸೋತ ವಾರದಲ್ಲಿ ಬೇಡ. ಈ ಋತು ಮುಗಿದ ಮೇಲೆ ಯೋಚಿಸೋಣ” ಎಂದಳು.

ಅವಳ ಕೋಚ್ ಹೊಗಳಿ ಹುರಿದುಂಬಿಸುವ ಸ್ವಭಾವದವರಲ್ಲ. ಅವರು ಅವಳಿಗೆ ಒಂದು ಸಣ್ಣ ನೋಟ್‌ಬುಕ್ ಕೊಟ್ಟರು. ದಿನದ ಅಭ್ಯಾಸ ಮುಗಿದು ಕಾಲು ಸೋತಿರುವಾಗ ಐವತ್ತು ಫ್ರೀ ಥ್ರೋ ಎಸೆಯಬೇಕು. ಪಂದ್ಯದಲ್ಲಿಯೂ ದಣಿದ ಕಾಲಿನಿಂದಲೇ ಎಸೆಯುವುದಲ್ಲವೇ? ಪ್ರತಿ ಬಾರಿಯೂ ಒಂದೇ ಕ್ರಮ: ಚೆಂಡನ್ನು ಮೂರು ಸಲ ಪುಟಿಸುವುದು, ಒಂದು ದೀರ್ಘ ಉಸಿರು, ಎಸೆತ. ಫಲಿತಾಂಶವನ್ನು ಬರೆದಿಡುವುದು, ಆದರೆ ದಿನದ ಲೆಕ್ಕವನ್ನು ನೋಡಿ ಹಿಗ್ಗದೆ, ಕುಗ್ಗದೆ ತಿಂಗಳ ಲೆಕ್ಕವನ್ನು ಮಾತ್ರ ನೋಡುವುದು. ಗೆರೆಯಿಂದ ಹಲಗೆಗೆ 15 ಅಡಿ, ಬುಟ್ಟಿಯ ಎತ್ತರ 10 ಅಡಿ. ಈ ಅಳತೆ ಖಾಲಿ ಅಂಗಳದಲ್ಲಿಯೂ ತುಂಬಿದ ಸಭಾಂಗಣದಲ್ಲಿಯೂ ಒಂದೇ.

ತಿಂಗಳ ಲೆಕ್ಕ ಹತ್ತಕ್ಕೆ ಏಳರ ಆಸುಪಾಸಿನಲ್ಲಿತ್ತು. ಹತ್ತಕ್ಕೆ ಏಳನ್ನು ಹಾಕುವವರಿಗೂ ಸತತ ಎರಡು ಎಸೆತಗಳು ತಪ್ಪುವ ಸಂಭವ ನೂರಕ್ಕೆ 9ರಷ್ಟಿದೆ. ಅಂದು ನಡೆದದ್ದು ಇಂತಹ ಒಂಬತ್ತರಲ್ಲಿ ಒಂದು, ಅಷ್ಟೇ. ತನ್ನ ಕೈಯಿಂದಲೇ ಬರೆದ ಅಂಕಿಗಳು ಇದನ್ನು ಹೇಳಿದಾಗ ಮಗಳು ನಂಬಿದಳು. ನಾನು ನೂರು ಸಲ ಹೇಳಿದ್ದರೂ ಅದು ತಂದೆಯ ಸಮಾಧಾನದ ಮಾತಾಗಿಯೇ ಉಳಿಯುತ್ತಿತ್ತು.

‘ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ’ ಎಂಬ ನಮ್ಮ ಗಾದೆಯ ಎರಡು ಭಾಗಗಳೂ ಇಲ್ಲಿ ಸತ್ಯ. ಸಂಗೀತ ಕಲಿಯುವ ನಮ್ಮ ಮಕ್ಕಳು ಮಾಯಾಮಾಳವಗೌಳದ ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ದಿನವೂ ಹಾಡುವುದು ಯಾರ ಚಪ್ಪಾಳೆಗಾಗಿಯೂ ಅಲ್ಲ. ಸಭೆಯೆದುರು ಮನಸ್ಸು ಅಳುಕಿದರೂ ಕಂಠ ಅಳುಕದಿರಲೆಂದು. ಸ್ಥಿರತೆಯೆಂದರೆ ಎಂದೂ ತಪ್ಪದಿರುವುದಲ್ಲ, ತಪ್ಪಿದ ಮರುದಿನವೂ ಅದೇ ಕ್ರಮವನ್ನು ಬಿಡದಿರುವುದು.

ನಮ್ಮ ಮಕ್ಕಳು ಅಭಿಮಾನದಿಂದ ಹೆಸರಿಸುವ ಸ್ಟೆಫನ್ ಕರಿಯ ಕಾಲೇಜು ಜೀವನವೂ ಇದನ್ನೇ ಹೇಳುತ್ತದೆ. ದೊಡ್ಡ ಕಾಲೇಜುಗಳು ಆಸಕ್ತಿ ತೋರದಿದ್ದಾಗ ಅವರು ಉತ್ತರ ಕೆರೊಲಿನಾದ ಡೇವಿಡ್‌ಸನ್ ಎಂಬ ಸಣ್ಣ ಕಾಲೇಜನ್ನು ಸೇರಿದರು. 2006ರಲ್ಲಿ ಆಡಿದ ಮೊದಲ ಕಾಲೇಜು ಪಂದ್ಯದಲ್ಲಿಯೇ 13 ಬಾರಿ ಚೆಂಡನ್ನು ಕಳೆದುಕೊಂಡರು. ಆದರೂ ಕೋಚ್ ಬಾಬ್ ಮೆಕಿಲಪ್ ಅವರನ್ನು ಕೈಬಿಡಲಿಲ್ಲ. ಮುಂದಿನ ಪಂದ್ಯದಲ್ಲಿ ಮಿಷಿಗನ್ ವಿರುದ್ಧ ಕರಿ 32 ಅಂಕ ಗಳಿಸಿದರು. 2008ರಲ್ಲಿ ಅದೇ ಸಣ್ಣ ಕಾಲೇಜು ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಎಂಟು ತಂಡಗಳಲ್ಲಿ ಒಂದಾಯಿತು. ಮೊದಲ ದಿನದ ಹದಿಮೂರು ತಪ್ಪುಗಳಿಂದಲೇ ಆಟಗಾರನನ್ನು ಅಳೆದಿದ್ದರೆ ಆ ಅವಕಾಶ ಒದಗುತ್ತಿರಲಿಲ್ಲ.

ನನ್ನ ಮಗಳು ತಂಡವನ್ನು ಬಿಡಲಿಲ್ಲ. ಇಂದಿಗೂ ಅವಳು ಬೆಂಚಿನಿಂದಲೇ ಎದ್ದು ಹೋಗುವ ಆಟಗಾರ್ತಿ, ಮೊದಲ ಐವರಲ್ಲಿ ಸೇರಿಲ್ಲ. ಆದರೆ ಎದುರು ಖಾಲಿ ಇದ್ದರೆ ತಡೆಯದೆ ಎಸೆಯುತ್ತಾಳೆ. ತಪ್ಪಿದರೆ ಮುಂದಿನದನ್ನೂ ಎಸೆಯುತ್ತಾಳೆ.

ದೂರದೂರಿನ ಹಾಸ್ಟೆಲಿನಿಂದ ಫೋನ್ ಮಾಡುವ ಮಗುವನ್ನು “ಇವತ್ತು ಎಷ್ಟು ಪಾಯಿಂಟ್?” ಎಂದು ಕೇಳುವುದು ನಮಗೆಲ್ಲ ರೂಢಿ. ಅದರ ಬದಲು “ಇವತ್ತು ಅಭ್ಯಾಸ ಹೇಗಿತ್ತು?” ಎಂದು ಕೇಳಿ ನೋಡಿ. ಅಂಕದ ಪ್ರಶ್ನೆಗೆ ಒಂದು ಸಂಖ್ಯೆಯಷ್ಟೇ ಉತ್ತರ. ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಅರ್ಧ ಗಂಟೆಯ ಮಾತು ಸಿಗುತ್ತಿದೆ.